ರೋಗಿಯೆಂಬ ವಾಚಕ: ವೈದ್ಯದ ತಿಳಿವಳಿಕೆಯ ಕನ್ನಡವನ್ನು ಕುರಿತು ಒಂದು ವಿಮರ್ಶೆ

೧

ಸಾಹಿತ್ಯ ವಿಮರ್ಶೆಯ ಕ್ಷೇತ್ರ ಯಾವುದು ಎಂಬ ಪ್ರಶ್ನೆಗೆ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಉತ್ತರ ಸ್ವಲ್ಪ ಸಂಕುಚಿತವಾದುದು. ಕಾವ್ಯ, ನಾಟಕ, ಕಾದಂಬರಿ, ಹೆಚ್ಚೆಂದರೆ ಪ್ರಬಂಧ, ಇವಿಷ್ಟೇ ವಿಮರ್ಶಕನ ಗಮನಕ್ಕೆ ಅರ್ಹವೆಂದೂ ಉಳಿದ ಬರಹವೆಲ್ಲ ವ್ಯವಹಾರಕ್ಕೆ ಸೇರಿದುದೆಂದೂ ನಾವು ಭಾವಿಸಿಕೊಂಡಿದ್ದೇವೆ. ಆದರೆ ಜನಸಾಮಾನ್ಯರು ಅತ್ಯಂತ ಆತಂಕದಿಂದ ಕೈಗೆತ್ತಿಕೊಳ್ಳುವ ಬರಹ ಯಾವುದೆಂದು ವಿಚಾರಿಸಿದರೆ, ಅದು ಆಸ್ಪತ್ರೆಯಿಂದ ಹೊರಬರುವವರ ಮುಷ್ಟಿಯಲ್ಲಿರುವ ಚೀಟಿಯೆಂದು ಒಪ್ಪಬೇಕಾಗುತ್ತದೆ. ಅದರ ಅರ್ಥಗ್ರಹಣದ ಮೇಲೆ ಒಂದು ಜೀವ ನಿಂತಿರುತ್ತದೆ. ಇಂಥ ಬರಹವನ್ನು ಭಾಷೆಯ ದೃಷ್ಟಿಯಿಂದ ಪರಿಶೀಲಿಸುವುದು ಕನ್ನಡ ವಿಭಾಗವೊಂದರ ಕರ್ತವ್ಯಕ್ಕೆ ಹೊರಗಾದುದಲ್ಲವೆಂಬ ನಂಬಿಕೆಯಿಂದ ಪ್ರಕೃತ ಲೇಖನವನ್ನು ಬರೆಯಹೊರಟಿದ್ದೇವೆ.

ಈ ವಿಷಯದ ಕಡೆಗೆ ನಮ್ಮ ಗಮನ ಹರಿಯಲು ಒಂದು ಸಣ್ಣ ಪ್ರಸಂಗ ಕಾರಣವಾಯಿತು. ಕೆಲವು ವರ್ಷಗಳ ಹಿಂದೆ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ನಾವು ಕಾದು ಕುಳಿತಿದ್ದಾಗ, ಪಕ್ಕದಲ್ಲಿದ್ದ ಒಬ್ಬ ಮುದುಕಿ ಸೆರಗಿನ ಗಂಟಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು, "ಇದ್ರಲ್ಲೇನ್ ಬರ್ದವ್ರೆ, ವಸಿ ಓದೇಳಿ ಸ್ವಾಮಿ" ಎಂದು ಮುಂದೆ ಚಾಚಿದಳು. ಅದು ಔಷಧದ ಚೀಟಿ. ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕು ಔಷಧಗಳ ಹೆಸರು, ಅವುಗಳ ಮುಂದೆ ೧-೦-೧, ೦-೦-೧ ಎಂಬ ಅಂಕಿಗಳು, ಕೆಳಗೆ ಒಂದು ರುಜು. ಅಕ್ಷರಗಳನ್ನು ಕೂಡಿಸಿ ಓದಲು ನಮಗೆ ಸಾಧ್ಯವಾಯಿತು. ಆದರೆ ಯಾವ ಮಾತ್ರೆ ಯಾವುದಕ್ಕೆ, ಎಷ್ಟು ದಿನ, ಬಿಟ್ಟರೆ ಏನಾದೀತು ಎಂದು ಆಕೆ ಒಂದಾದ ಮೇಲೊಂದು ಕೇಳಿದ ಪ್ರಶ್ನೆಗಳಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹಳಗನ್ನಡದ ಓಲೆಗಳನ್ನು ಓದಿ ಅರ್ಥ ಹೇಳುವವರೆಂದು ಹೆಸರಾದ ನಾವು ಆ ಹೊತ್ತಿಗೆ ನಿರಕ್ಷರಕುಕ್ಷಿಗಳೇ ಆದೆವು. ಕೊನೆಗೆ ಆಕೆ, "ಓದಿದೋರ್ಗೂ ತಿಳೀದಾ?" ಎಂದು ಕಾಗದವನ್ನು ಮತ್ತೆ ಗಂಟಿಗೆ ಸೇರಿಸಿದಳು. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ವಾಚಕರು ತಿಳಿಯಬಹುದು.

ಮೊದಲು ಪರಿಭಾಷೆಯ ವಿಚಾರ. 'ಆರೋಗ್ಯ ಸಾಕ್ಷರತೆ' ಎಂಬ ಮಾತು ಈಚೆಗೆ ಕನ್ನಡದಲ್ಲಿ ಬಳಕೆಗೆ ಬಂದಿದೆ. ಇದು ಇಂಗ್ಲಿಷಿನ ಪದವೊಂದರ ಅನುವಾದ. ಮೂಲಪದವನ್ನು ಸೈಮಂಡ್ಸ್ ಎಂಬ ವಿದ್ವಾಂಸ ೧೯೭೪ರಲ್ಲಿ ಶಾಲೆಗಳ ಆರೋಗ್ಯಶಿಕ್ಷಣದ ಸಂದರ್ಭದಲ್ಲಿ ಬಳಸಿದನು. ೨೦೦೦ದಲ್ಲಿ ನಟ್‌ಬೀಮ್ ಎಂಬುವನು ಅದರಲ್ಲಿ ಮೂರು ಮೆಟ್ಟಿಲುಗಳನ್ನು ಗುರುತಿಸಿದನು: ಸೂಚನೆಯನ್ನು ಓದಿ ನಡೆಯಬಲ್ಲ ಶಕ್ತಿ; ವೈದ್ಯರೊಡನೆ ಮಾತನಾಡಿ ತನ್ನ ಸ್ಥಿತಿಗೆ ತಕ್ಕುದನ್ನು ತಿಳಿದುಕೊಳ್ಳಬಲ್ಲ ಶಕ್ತಿ; ಹೇಳಿದುದನ್ನು ತೂಗಿನೋಡಿ ಪ್ರಶ್ನಿಸಬಲ್ಲ ಶಕ್ತಿ. ಕನ್ನಡದ 'ಸಾಕ್ಷರತೆ' ಈ ಮೂರರಲ್ಲಿ ಮೊದಲನೆಯದನ್ನು ಮಾತ್ರ, ಅದನ್ನೂ ಅರ್ಧಕ್ಕೆ, ಸೂಚಿಸುತ್ತದೆ. ಅಕ್ಷರ ಬಲ್ಲವನು ಬಲ್ಲವನು, ಬಲ್ಲದವನು ಅಜ್ಞಾನಿ ಎಂಬ ಧ್ವನಿಯೂ ಅದರಲ್ಲಿ ಅಡಗಿದೆ. ೨೦೧೧ರ ಜನಗಣತಿಯಂತೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಸಾಕ್ಷರತೆ ಸುಮಾರು ಶೇಕಡಾ ೭೮. ಆ ಎಣಿಕೆಯ ಪ್ರಕಾರ ನಾವು ಸಾಕ್ಷರರ ಗುಂಪಿಗೂ, ಆ ಮುದುಕಿ ಬಹುಶಃ ಉಳಿದವರ ಗುಂಪಿಗೂ ಸೇರುತ್ತೇವೆ. ಚೀಟಿಯ ಮುಂದೆ ಇಬ್ಬರೂ ಒಂದೇ. ಆದಕಾರಣ ಈ ಲೇಖನದಲ್ಲಿ ನಾವು 'ತಿಳಿವಳಿಕೆ' ಎಂಬ ಹಳೆಯ ಮಾತನ್ನೇ ಬಳಸುತ್ತೇವೆ. ತಿಳಿಯುವವನೂ ತಿಳಿಸುವವನೂ ಇಬ್ಬರೂ ಆ ಮಾತಿನೊಳಗಿದ್ದಾರೆ.

೨

ರೋಗಿಗೆ ತಿಳಿವಳಿಕೆ ಸಾಲದು, ಆದುದರಿಂದ ಚಿಕಿತ್ಸೆ ಫಲಿಸುವುದಿಲ್ಲ ಎಂಬ ಮಾತನ್ನು ಸಿದ್ಧಾಂತವೆಂಬಂತೆ ಎಲ್ಲೆಡೆಯೂ ಕೇಳುತ್ತೇವೆ. ಇದು ಎಷ್ಟರಮಟ್ಟಿಗೆ ನಿಜವೆಂದು ನಿರ್ಣಯಿಸಲು ನಮ್ಮ ನೆಲದಲ್ಲಿಯೇ ನಡೆದ ಎರಡು ಪ್ರಸಿದ್ಧ ಪರಿಶೀಲನೆಗಳು ನೆರವಾಗುತ್ತವೆ. ಎರಡೂ ಬೆಂಗಳೂರಿನಲ್ಲಿ ೧೯೫೯ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಗೆ ಸಂಬಂಧಿಸಿದವು.

ಮೊದಲನೆಯದು ೧೯೬೧ರಿಂದ ೧೯೬೮ರವರೆಗೆ ಅಂದಿನ ಬೆಂಗಳೂರು ಜಿಲ್ಲೆಯ ನೆಲಮಂಗಲ, ದೇವನಹಳ್ಳಿ, ಮಾಗಡಿ ತಾಲ್ಲೂಕುಗಳ ೧೧೯ ಹಳ್ಳಿಗಳಲ್ಲಿ ನಡೆಯಿತು. ಒಂದೇ ಜನಸಮುದಾಯವನ್ನು ಮತ್ತೆ ಮತ್ತೆ ಪರೀಕ್ಷಿಸಿ, ಕ್ಷಯ ಒಂದು ಹಳ್ಳಿಗಾಡಿನಲ್ಲಿ ತನ್ನ ಪಾಡಿಗೆ ಹೇಗೆ ನಡೆಯುತ್ತದೆಂಬುದನ್ನು ಆ ಪರಿಶೀಲನೆ ದಾಖಲಿಸಿತು. ಮೊದಲ ಸುತ್ತಿನಲ್ಲಿ ರೋಗಿಗಳೆಂದು ಕಂಡುಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಐದು ವರ್ಷದೊಳಗೆ ತೀರಿಕೊಂಡರು. ಮೂರನೆಯ ಒಂದು ಪಾಲಿನಷ್ಟು ಮಂದಿ ರೋಗದಿಂದ ಬಿಡುಗಡೆ ಹೊಂದಿದರು. ಉಳಿದವರು ರೋಗವನ್ನು ಹೊತ್ತುಕೊಂಡೇ ಇದ್ದರು. ಈ ಅಂಕಿಗಳು ಪ್ರಪಂಚದ ವೈದ್ಯಗ್ರಂಥಗಳಲ್ಲಿ ಸೇರಿಹೋಗಿವೆ. ನೆಲಮಂಗಲದ, ದೇವನಹಳ್ಳಿಯ ರೈತರ ಕೆಮ್ಮು ಅಂತರರಾಷ್ಟ್ರೀಯ ವಿದ್ಯೆಯಾಯಿತು. ಅಂಥ ವಿದ್ಯೆಯನ್ನು ಒದಗಿಸಿದ ಊರುಗಳ ಜನರಿಗೆ ಅದರ ಫಲಿತಾಂಶವನ್ನು ಅವರದೇ ಮಾತಿನಲ್ಲಿ ತಿಳಿಸುವ ಒಂದು ಸಣ್ಣ ಕನ್ನಡ ಪುಸ್ತಿಕೆ ಇಂದು ಅಲ್ಲಿ ಯಾರ ಮನೆಯಲ್ಲಾದರೂ ನಮ್ಮ ಕಣ್ಣಿಗೆ ಬಿದ್ದಿದ್ದರೆ ಸಂತೋಷಪಡುತ್ತಿದ್ದೆವು, ಬೀಳಲಿಲ್ಲ.

ಎರಡನೆಯದು ನೆರೆಯ ತುಮಕೂರು ಜಿಲ್ಲೆಗೆ ಸಂಬಂಧಿಸಿದುದು, ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ಬರೆದು, ೧೯೬೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಳ್ಳಿಯ ಜನಕ್ಕೆ ಕ್ಷಯದ ಲಕ್ಷಣಗಳ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬ ಊಹೆಯನ್ನು ಇದು ಪರೀಕ್ಷಿಸಿತು. ಕಂಡುಬಂದುದು ಊಹೆಗೆ ವಿರುದ್ಧವಾದುದು. ರೋಗಿಗಳಲ್ಲಿ ಬಹುಪಾಲು ಜನಕ್ಕೆ ತಮ್ಮ ಲಕ್ಷಣಗಳ ಅರಿವಿತ್ತು. ಅನೇಕರು ಅವುಗಳಿಂದ ಚಿಂತಿತರಾಗಿದ್ದರು. ಸುಮಾರು ಅರ್ಧದಷ್ಟು ಮಂದಿ ಆಗಲೇ ಆಧುನಿಕ ವೈದ್ಯಶಾಲೆಯ ಬಾಗಿಲಿಗೆ ಹೋಗಿಬಂದಿದ್ದರು. ಅಲ್ಲಿ ಅವರ ರೋಗವನ್ನು ಗುರುತಿಸದೆ ಕೆಮ್ಮಿನ ಔಷಧದ ಸೀಸೆ ಕೊಟ್ಟು ಕಳುಹಿಸುವುದೇ ವಾಡಿಕೆಯಾಗಿತ್ತು. ೧೯೬೨ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ರಚನೆಗೆ ಈ ಅರಿವು ತಳಹದಿಯಾಯಿತು: ಊರೂರು ಅಲೆದು ರೋಗಿಗಳನ್ನು ಹುಡುಕುವುದಕ್ಕಿಂತ ತಾವಾಗಿ ಬಂದವರ ಮಾತನ್ನು ಸರಿಯಾಗಿ ಕೇಳಿ ಕಫವನ್ನು ಪರೀಕ್ಷಿಸುವುದು ಮೇಲೆಂದು ತಿಳಿಯಿತು.

ವಿಮರ್ಶೆಯ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ರೋಗಿಯೇ ಕೃತಿಕಾರ, ವೈದ್ಯಶಾಲೆಯೇ ವಾಚಕ. 'ಒಂದು ತಿಂಗಳಿಂದ ಕೆಮ್ಮು, ಸಾಯಂಕಾಲ ಮೈ ಬೆಚ್ಚಗಾಗುತ್ತದೆ, ಊಟ ಸೇರುವುದಿಲ್ಲ' ಎಂದು ರೋಗಿ ನುಡಿದಾಗ ಅವನ ನಿರೂಪಣೆಯಲ್ಲಿ ಯಾವ ದೋಷವೂ ಇರಲಿಲ್ಲ. ಓದಿದವನು ಸರಿಯಾಗಿ ಓದಲಿಲ್ಲ. ತಿಳಿವಳಿಕೆಯ ಕೊರತೆ ಎಂದು ನಾವು ಕರೆಯುವುದು ಎಷ್ಟೋ ವೇಳೆ ಈ ಬಗೆಯ ಅಪವ್ಯಾಖ್ಯಾನವೆಂಬುದನ್ನು ಮುಂದಿನ ಚರ್ಚೆಯುದ್ದಕ್ಕೂ ನೆನಪಿನಲ್ಲಿಟ್ಟುಕೊಳ್ಳಬೇಕು.

೩

ವೈದ್ಯವನ್ನು ಕನ್ನಡದಲ್ಲಿ ಹೇಳುವುದು ಹೊಸ ಸಾಹಸವೇನೂ ಅಲ್ಲ. ಹನ್ನೆರಡನೆಯ ಶತಮಾನದ ಸುಮಾರಿಗೆ ಕೀರ್ತಿವರ್ಮ 'ಗೋವೈದ್ಯ'ವನ್ನು ರಚಿಸಿದನು. ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ 'ಕಲ್ಯಾಣಕಾರಕ'ವನ್ನು ಕನ್ನಡಕ್ಕೆ ತಂದನು. ಹದಿನಾಲ್ಕನೆಯ ಶತಮಾನದ ಮಂಗರಾಜ ವಿಷವೈದ್ಯವನ್ನು ಕುರಿತು 'ಖಗೇಂದ್ರಮಣಿದರ್ಪಣ'ವನ್ನು ಬರೆದನು. ಶಾಸ್ತ್ರವಿಷಯಕ್ಕೆ ಸಂಸ್ಕೃತವೇ ಮಾಧ್ಯಮವೆಂದು ವಿದ್ವತ್ಪ್ರಪಂಚ ಭಾವಿಸಿದ್ದ ಕಾಲದಲ್ಲಿ ಇವರು ಕನ್ನಡವನ್ನು ಆರಿಸಿಕೊಂಡರೆಂಬುದು ಗಮನಾರ್ಹ. ಆದರೂ ಒಂದು ಮಿತಿಯನ್ನು ಹೇಳದೆ ಬಿಡುವಂತಿಲ್ಲ. ಈ ಗ್ರಂಥಗಳು ವೈದ್ಯನನ್ನು, ವೈದ್ಯವಿದ್ಯೆಯನ್ನು ಕಲಿಯುವವನನ್ನು ಉದ್ದೇಶಿಸಿದವು. ಪದ್ಯರೂಪದಲ್ಲಿರುವುದು ಕಂಠಪಾಠಕ್ಕೆ ಅನುಕೂಲವೆಂದು. ರೋಗಿ ಈ ಗ್ರಂಥಗಳಲ್ಲಿ ವರ್ಣಿತನಾಗುತ್ತಾನೆ, ಸಂಬೋಧಿತನಾಗುವುದಿಲ್ಲ.

ರೋಗಿಯನ್ನೇ ಮುಂದೆ ಕೂರಿಸಿಕೊಂಡು ಮಾತನಾಡುವ ಗದ್ಯ ಕನ್ನಡದಲ್ಲಿ ಬೆಳೆದುದು ಇಪ್ಪತ್ತನೆಯ ಶತಮಾನದಲ್ಲಿ. ಬೆಂಗಳೂರಿನಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಎಂ. ಶಿವರಾಂ ಅವರು 'ರಾಶಿ' ಎಂಬ ಹೆಸರಿನಲ್ಲಿ ೧೯೪೨ರಿಂದ ೧೯೬೭ರವರೆಗೆ 'ಕೊರವಂಜಿ'ಯನ್ನು ನಡೆಸಿದರು. ಮನಸ್ಸಿನ ವ್ಯಾಪಾರಗಳನ್ನು ಕುರಿತ ಅವರ 'ಮನಮಂಥನ' ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ (೧೯೩೪-೧೯೯೧) ಅವರು 'ತಾಯಿ-ಮಗು', 'ದಾಂಪತ್ಯ ದೀಪಿಕೆ', 'ವಧುವಿಗೆ ಕಿವಿಮಾತು', 'ಕೇಳು ಕಿಶೋರಿ' ಮೊದಲಾದ ಪುಸ್ತಕಗಳನ್ನು ಬರೆದರು. ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋವೈದ್ಯರಾಗಿದ್ದ ಸಿ. ಆರ್. ಚಂದ್ರಶೇಖರ್ ಅವರು ಮನೋರೋಗಗಳನ್ನು ಕುರಿತು ಬಹುಸಂಖ್ಯೆಯ ಸಣ್ಣ ಪುಸ್ತಕಗಳನ್ನು ಕೊಟ್ಟಿದ್ದಾರೆ.

ಈ ಬರಹಗಾರರಲ್ಲಿ ಅನುಪಮಾ ಅವರ ಮಾರ್ಗ ನಮ್ಮ ಪ್ರಕೃತ ವಿಷಯಕ್ಕೆ ಹೆಚ್ಚು ಉಪಯುಕ್ತವೆಂದು ತೋರುತ್ತದೆ. ಅವರ ಪುಸ್ತಕಗಳ ಹೆಸರುಗಳನ್ನೇ ನೋಡಬಹುದು: 'ಕಿವಿಮಾತು', 'ಕೇಳು'. ಎರಡೂ ಆಡುಮಾತಿನ ಸಂಬೋಧನೆಗಳು. ಒಬ್ಬಳು ಇನ್ನೊಬ್ಬಳ ಹತ್ತಿರ ಕುಳಿತು ಹೇಳುವ ರೀತಿ. ಹೆಣ್ಣುಮಗಳೊಬ್ಬಳು ತಾಯಿಯನ್ನು ಕೇಳಲು ನಾಚುವ, ಗಂಡನನ್ನು ಕೇಳಲು ಹೆದರುವ, ವೈದ್ಯನನ್ನು ಕೇಳಲು ಅವಕಾಶವೇ ಇಲ್ಲದ ಪ್ರಶ್ನೆಗಳಿವೆ. ಅವನ್ನು ಆಕೆಯ ಪರವಾಗಿ ಲೇಖಕಿಯೇ ಎತ್ತಿಕೊಂಡು ಉತ್ತರಿಸುವ ಈ ಕ್ರಮದಲ್ಲಿ ಕಾದಂಬರಿಕಾರ್ತಿಯ ಅನುಭವ ವೈದ್ಯೆಯ ವಿದ್ಯೆಗೆ ಒದಗಿಬಂದಿದೆ. ನಟ್‌ಬೀಮನ ಎರಡನೆಯ ಮೆಟ್ಟಿಲೆಂದರೆ ಇದೇ. ಆದರೆ ಪುಸ್ತಕವನ್ನು ಕೊಳ್ಳಬಲ್ಲ, ಓದಬಲ್ಲ ಮಧ್ಯಮವರ್ಗದ ಮನೆಗಳಲ್ಲಿ ಇವು ಮದುವೆಯ ಉಡುಗೊರೆಗಳಾಗಿ ಸಂದವೇ ಹೊರತು, ಹೊಸಕೋಟೆಯ ಇಟ್ಟಿಗೆ ಗೂಡಿನ ಕೆಲಸಗಾರ್ತಿಗೆ ಅವು ನೇರವಾಗಿ ತಲಪಿದವೆನ್ನುವಂತಿಲ್ಲ. ಆಕೆಗೆ ತಲಪುವುದು ಚೀಟಿ, ಗೋಡೆಯ ಬರಹ, ಕರಪತ್ರ ಮತ್ತು 'ತಾಯಿ ಕಾರ್ಡ್'. ಇನ್ನು ಅವುಗಳ ಕಡೆಗೆ ತಿರುಗೋಣ.

೪

ಇಂಥ ಬರಹಗಳಲ್ಲಿ ನಾವು ಕಂಡ ದೋಷಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಪದದೋಷ. ಕನ್ನಡದೊಡನೆ ಸಲ್ಲದ ಸಂಸ್ಕೃತವನ್ನು ಬೆರೆಸುವುದನ್ನು ನಯಸೇನ ೧೧೧೨ರ ತನ್ನ 'ಧರ್ಮಾಮೃತ'ದಲ್ಲಿಯೇ ಆಕ್ಷೇಪಿಸಿದ್ದಾನೆ. 'ಪ್ರತಿಜೈವಿಕ', 'ಅಧಿಕ ರಕ್ತದೊತ್ತಡ', 'ಮುನ್ನೆಚ್ಚರಿಕಾ ಕ್ರಮಗಳನ್ನು ಅನುಸರಿಸತಕ್ಕದ್ದು' ಎಂಬಂಥ ಬರಹವನ್ನು ಕಂಡಿದ್ದರೆ ಆತ ಏನೆನ್ನುತ್ತಿದ್ದನೋ ಊಹಿಸಬಹುದು. ಆದರೆ ತಿಳಿಗನ್ನಡ ಬರೆದುಬಿಟ್ಟರೆ ಸಮಸ್ಯೆ ಪರಿಹಾರವಾಯಿತೆಂದು ತಿಳಿಯುವುದೂ ಅವಸರದ ತೀರ್ಮಾನ. 'ಮಧುಮೇಹ' ಎಂದರೆ ಹಳ್ಳಿಯವನಿಗೆ ದೂರದ ಮಾತು. 'ಸಕ್ಕರೆ ಕಾಯಿಲೆ' ಎಂದರೆ ಕೂಡಲೇ ಹತ್ತಿರವಾಗುತ್ತದೆ. ಆದರೆ ಅದೇ ಮಾತು ಅವನನ್ನು ದಾರಿ ತಪ್ಪಿಸುತ್ತದೆ. ಕಾಫಿಗೆ ಸಕ್ಕರೆ ಬಿಟ್ಟರೆ ಸಾಕೆಂದೂ ಅನ್ನ, ಮುದ್ದೆ ಎಷ್ಟಾದರೂ ಬಾಧಕವಿಲ್ಲವೆಂದೂ ಅವನು ತಿಳಿಯುತ್ತಾನೆ. ರಾಗಿ ಒಳ್ಳೆಯ ಧಾನ್ಯವೇ ಸರಿ. ಅದರಲ್ಲಿಯೂ ಪಿಷ್ಟವಿದೆ, ಪ್ರಮಾಣ ಮುಖ್ಯ, ಎಂಬ ಮಾತು ರೋಗದ ಹೆಸರಿನೊಳಗೆ ಇಲ್ಲ. 'ರಕ್ತದೊತ್ತಡ'ದ ಪಾಡೂ ಇಂಥದೇ. ಕನ್ನಡದಲ್ಲಿ 'ಒತ್ತಡ'ವೆಂದರೆ ಮನಸ್ಸಿನ ಮೇಲಿನ ಭಾರವೂ ಹೌದು. 'ಈಗ ಮನೆಯಲ್ಲಿ ತಾಪತ್ರಯವೇನೂ ಇಲ್ಲ, ಮಾತ್ರೆ ಬಿಟ್ಟೆ' ಎನ್ನುವವರು ಭಾಷೆಯ ತರ್ಕಕ್ಕೆ ಅನುಗುಣವಾಗಿಯೇ ನಡೆದಿರುತ್ತಾರೆ. ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರದೆ ಒಳಗೇ ಕೆಡಿಸುವ ರೋಗ ಅದೆಂಬುದನ್ನು ಬಿಡಿಸಿ ಹೇಳದ ಹೊರತು ಪದವೊಂದೇ ಏನನ್ನೂ ಸಾಧಿಸಲಾರದು. ಇದಕ್ಕೆ ಪ್ರತಿಯಾಗಿ 'ಸೋಂಕು' ಎಂಬ ಹಳೆಯ ಕನ್ನಡ ಪದ ೨೦೨೦ರ ಮಹಾವ್ಯಾಧಿಯ ಕಾಲದಲ್ಲಿ ಪಡೆದ ಯಶಸ್ಸನ್ನು ನೆನೆಯಬೇಕು. ತಾಕುವುದು ಎಂಬ ಅದರ ಮೂಲಾರ್ಥ ರೋಗ ಹರಡುವ ಬಗೆಗೆ ಹತ್ತಿರವಾಗಿದ್ದುದರಿಂದ ಅದು ಯಾವ ನಿಘಂಟಿನ ನೆರವೂ ಇಲ್ಲದೆ ಮನೆಮಾತಾಯಿತು.

ಎರಡನೆಯದು ಅರ್ಥವಿಪರ್ಯಯ. ಕಫಪರೀಕ್ಷೆಯ ಫಲಿತಾಂಶ 'ಪಾಸಿಟಿವ್' ಎಂದು ಬಂದರೆ ರೋಗವಿದೆ, 'ನೆಗೆಟಿವ್' ಎಂದು ಬಂದರೆ ರೋಗಾಣು ಕಾಣಲಿಲ್ಲ ಎಂದರ್ಥ. ಲೋಕವ್ಯವಹಾರದಲ್ಲಿ ಈ ಮಾತುಗಳ ಬೆಲೆ ತಿರುವುಮುರುವು. ಶಾಲೆಯಲ್ಲಿ 'ಧನಾತ್ಮಕ'ವೆಂದರೆ ಒಳ್ಳೆಯದೆಂದು ಕಲಿತ ಹುಡುಗ ತಂದೆಯ ಪರೀಕ್ಷೆಯ ಕಾಗದವನ್ನು ಓದಿ ಸಂತೋಷದ ಸುದ್ದಿ ಹೇಳಿಬಿಡುವ ಅಪಾಯವಿದೆ. ಮೇಲಾಗಿ 'ನೆಗೆಟಿವ್' ಎಂಬುದಕ್ಕೆ 'ರೋಗವಿಲ್ಲ' ಎಂಬ ಅರ್ಥವೂ ಯಾವಾಗಲೂ ಸಲ್ಲುವುದಿಲ್ಲ. 'ಈ ಕಫದಲ್ಲಿ ರೋಗಾಣು ಕಂಡುಬಂದಿದೆ', 'ಈ ಕಫದಲ್ಲಿ ಕಂಡುಬಂದಿಲ್ಲ. ಕೆಮ್ಮು ನಿಲ್ಲದಿದ್ದರೆ ಮತ್ತೆ ಬನ್ನಿ' ಎಂದು ಎರಡು ವಾಕ್ಯ ಬರೆಯಲು ಎಷ್ಟು ಶಾಯಿ ಬೇಕು?

ಮೂರನೆಯದು ಕಾಲ ಮತ್ತು ಸಂಖ್ಯೆಗೆ ಸಂಬಂಧಿಸಿದುದು. ೧-೦-೧ ಎಂಬ ಬರಹ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂಬ ಸಂಕೇತ. ಸಂಕೇತವನ್ನು ಬಲ್ಲವರಿಗೆ ಇದಕ್ಕಿಂತ ಸಂಕ್ಷೇಪವಾದ ಸೂತ್ರವಿಲ್ಲ. ಬಲ್ಲದವರಿಗೆ ಅದು ಬರಿಯ ಅಂಕಿ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳಲ್ಲಿ ರಾತ್ರಿ ಪಾಳಿ ಮಾಡುವ ನೇಕಾರನಿಗೆ ಬೆಳಿಗ್ಗೆ ಯಾವುದು, ರಾತ್ರಿ ಯಾವುದು? ಹೊಲದ ಕೆಲಸಕ್ಕೆ ನಸುಕಿನಲ್ಲಿ ಹೋಗಿ ಹೊತ್ತೇರಿದ ಮೇಲೆ ಮೊದಲ ಊಟ ಮಾಡುವವರಿಗೆ 'ತಿಂಡಿಯ ನಂತರ' ಎಂಬ ಸೂಚನೆ ಯಾವ ಗಳಿಗೆಯನ್ನು ತೋರಿಸುತ್ತದೆ? ಈ ತೊಡಕು ನಮ್ಮ ಹಳ್ಳಿಗಳಿಗೆ ಮಾತ್ರ ಮೀಸಲಾದುದಲ್ಲ. ಅಮೆರಿಕದಲ್ಲಿ ೨೦೦೬ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, 'ಎರಡು ಮಾತ್ರೆಗಳನ್ನು ದಿನಕ್ಕೆ ಎರಡು ಬಾರಿ ಸೇವಿಸಿ' ಎಂಬ ಸೂಚನೆಯನ್ನು ಓದಿನ ಅಭ್ಯಾಸ ಕಡಿಮೆಯಿದ್ದವರಲ್ಲಿ ಶೇಕಡಾ ೭೧ ಮಂದಿ ತಪ್ಪಿಲ್ಲದೆ ಓದಿದರು. ಒಂದು ದಿನದ ಮಾತ್ರೆಗಳನ್ನು ಎಣಿಸಿ ತೋರಿಸಿರೆಂದಾಗ ಸರಿಯಾಗಿ ತೋರಿಸಿದವರು ಶೇಕಡಾ ೩೫ ಮಾತ್ರ. ಓದುವುದಕ್ಕೂ ತಿಳಿಯುವುದಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಕಾವ್ಯಮೀಮಾಂಸೆಯೂ ತೋರಿಸಿಲ್ಲ.

ನಾಲ್ಕನೆಯದು, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗುರುತರವಾದುದು, ಮೌನದೋಷ. ಹೇಳಬೇಕಾದುದನ್ನು ಹೇಳದೆ ಬಿಡುವುದು. ಕ್ಷಯದ ಸಾಮಾನ್ಯ ಚಿಕಿತ್ಸೆ ಆರು ತಿಂಗಳದು. ಮೊದಲ ಎರಡು ತಿಂಗಳು ನಾಲ್ಕು ಔಷಧಗಳು, ಅನಂತರ ನಾಲ್ಕು ತಿಂಗಳು ಮೂರು. ಅವುಗಳಲ್ಲಿ ರಿಫಾಂಪಿಸಿನ್ ಎಂಬುದು ಮೂತ್ರವನ್ನು ಕೆಂಪಾಗಿಸುತ್ತದೆ. ಅದರಿಂದ ಕೇಡಿಲ್ಲ. ಆದರೆ ಮೊದಲೇ ತಿಳಿಸದಿದ್ದರೆ, ರಕ್ತ ಹೋಗುತ್ತಿದೆಯೆಂದು ಹೆದರಿ ರೋಗಿ ಮಾತ್ರೆಯನ್ನೇ ನಿಲ್ಲಿಸಿಬಿಡಬಹುದು. ಕೆಲವೇ ವಾರಗಳಲ್ಲಿ ಕೆಮ್ಮು ನಿಂತು ಹಸಿವು ಹುಟ್ಟಿದಾಗ ಗುಣವಾಯಿತೆಂದು ಬಿಡುವುದೂ ಉಂಟು. ಅರ್ಧಕ್ಕೆ ಬಿಟ್ಟ ರೋಗ ಔಷಧಕ್ಕೆ ಬಗ್ಗದ ರೂಪದಲ್ಲಿ ಮರಳಬಹುದು, ಮನೆಯ ಮಕ್ಕಳಿಗೂ ಹರಡಬಹುದು. ಗರ್ಭಿಣಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯ ಕಥೆಯೂ ಹೀಗೆಯೇ. ಮಲ ಕಪ್ಪಾಗುತ್ತದೆಂದೂ, ಕಾಫಿ ಟೀಯೊಡನೆ ನುಂಗಬಾರದೆಂದೂ ಒಂದು ಮಾತು ಹೇಳದೆ, ಆಕೆ ಮಾತ್ರೆ ತಿನ್ನಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಸರ್ಕಾರದ ಕಾರ್ಯಕ್ರಮಗಳು ಈ ವಿಷಯದಲ್ಲಿ ಉದಾಸೀನವಾಗಿವೆ ಎಂದು ನಾವು ಹೇಳುತ್ತಿಲ್ಲ. ೨೦೧೬ರಲ್ಲಿ ಅಂದಿನ ಭಾರತೀಯ ವೈದ್ಯ ಪರಿಷತ್ತು ಔಷಧಗಳ ಮೂಲನಾಮವನ್ನು ಸ್ಫುಟವಾಗಿ, ಆದಷ್ಟು ಮಟ್ಟಿಗೆ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ವಿಧಿಸಿತು. ೨೦೧೮ರಿಂದ ಕ್ಷಯರೋಗಿಗಳಿಗೆ ಪೌಷ್ಟಿಕ ಆಹಾರಕ್ಕಾಗಿ ತಿಂಗಳಿಗೆ ೫೦೦ ರೂಪಾಯಿ ಕೊಡುವ ಯೋಜನೆ ಬಂದು, ೨೦೨೪ರ ನವೆಂಬರಿನಿಂದ ಆ ಮೊತ್ತ ೧೦೦೦ ರೂಪಾಯಿಗೆ ಏರಿತು. ಆದರೆ ಸ್ಫುಟವಾಗಿ ಬರೆದ ಇಂಗ್ಲಿಷೂ ಇಂಗ್ಲಿಷೇ. ಹಣ ಬರುತ್ತದೆಂಬುದು ತಿಳಿಯದವನಿಗೆ ಹಣವೂ ಇಲ್ಲ. ಬರಹದ ಒಂದು ಸತ್ಫಲವೆಂದು 'ತಾಯಿ ಕಾರ್ಡ'ನ್ನು ಹೆಸರಿಸಬಹುದು. ಪ್ರತಿ ಭೇಟಿಯಲ್ಲಿಯೂ ತೂಕ, ರಕ್ತದ ಅಂಶ, ಮಗುವಿನ ಲಸಿಕೆ ಅದರಲ್ಲಿ ತುಂಬಿಕೊಳ್ಳುತ್ತ ಹೋಗುತ್ತವೆ. ಆಶಾ ಕಾರ್ಯಕರ್ತೆ ಅದನ್ನು ಎದುರಿಗಿಟ್ಟುಕೊಂಡು ಮಾತನಾಡುತ್ತಾಳೆ. ಹೆಣ್ಣುಮಕ್ಕಳು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರೇಷನ್ ಕಾರ್ಡಿನೊಡನೆ ಜೋಪಾನವಾಗಿ ಇಡುತ್ತಾರೆ. ಬರಹ ಮಾತಿನೊಡನೆ ಸೇರಿದಾಗ ಅದಕ್ಕೆ ಬೆಲೆ ಬರುತ್ತದೆಂಬುದಕ್ಕೆ ಇದು ನಿದರ್ಶನ.

೫

ಇಲ್ಲಿಯವರೆಗೆ ನಾವು ರೋಗಿಯ ಪಕ್ಷವನ್ನೇ ಹಿಡಿದು ವಾದಿಸಿದ್ದೇವೆಂದು ಕೆಲವರು ಆಕ್ಷೇಪಿಸಬಹುದು. ಆ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಜನರಲ್ಲಿ ತಪ್ಪು ತಿಳಿವಳಿಕೆಯೂ ಇದೆ. ಅದು ಕೆಲವೊಮ್ಮೆ ಪ್ರಾಣಾಂತಕವಾದುದು. ಎದೆಯಲ್ಲಿ ಉರಿ, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಬೆವರು, ಎಲ್ಲಕ್ಕೂ 'ಗ್ಯಾಸ್ಟ್ರಿಕ್' ಎಂಬ ಒಂದೇ ಹೆಸರು ನಮ್ಮ ನಾಡಿನಾದ್ಯಂತ ಹರಡಿದೆ. ಹೃದಯಾಘಾತವೂ ಆ ಹೆಸರಿನ ಮರೆಯಲ್ಲಿ ಬಂದು, ಸೋಡಾ ಕುಡಿದು ಮಲಗಿದವರನ್ನು ಒಯ್ಯಬಹುದು. ಸರ್ಪಸುತ್ತಿಗೆ ಕೆಮ್ಮಣ್ಣು ಬಳಿದು ದಿನ ಕಳೆಯುವುದು, ಜ್ವರಕ್ಕೆ ಅಂಗಡಿಯಿಂದ ಎರಡು ಮಾತ್ರೆ ತಂದು ನುಂಗುವುದು, 'ಇಂಜೆಕ್ಷನ್ ಹಾಕದವರು ಡಾಕ್ಟರೇ ಅಲ್ಲ' ಎಂಬ ಭಾವನೆ, ಇವನ್ನೆಲ್ಲ ನಾವೂ ಬಲ್ಲೆವು. ಹೊರರೋಗಿಗಳ ಸಾಲು ಬಾಗಿಲು ದಾಟಿ ನಿಂತಿರುವಾಗ ಒಬ್ಬೊಬ್ಬರಿಗೂ ಬಿಡಿಸಿ ಹೇಳಲು ವೈದ್ಯರಿಗೆ ವೇಳೆಯೆಲ್ಲಿದೆ ಎಂಬ ಪ್ರಶ್ನೆಯೂ ನ್ಯಾಯವಾದುದೇ.

ಆದರೆ 'ಗ್ಯಾಸ್ಟ್ರಿಕ್' ಎಂಬ ಮಾತನ್ನು ಹಳ್ಳಿಯವನು ತಾನೇ ಕಂಡುಹಿಡಿದನೇ? ಅದು ಆಸ್ಪತ್ರೆಯಿಂದ, ಔಷಧದ ಅಂಗಡಿಯಿಂದಲೇ ಅವನ ಬಾಯಿಗೆ ಬಂದ ಮಾತು. ವಿವರಣೆಯಿಲ್ಲದೆ ಕೊಟ್ಟ ಪದಕ್ಕೆ ಜನ ತಮ್ಮದೇ ವಿವರಣೆಯನ್ನು ತುಂಬಿಕೊಂಡರು. ಹಾಗೆಯೇ ರೋಗಿಯ ತಪ್ಪು ತಿಳಿವಳಿಕೆಯನ್ನು ಅಳಿಸಿ ಖಾಲಿ ಹಲಗೆಯ ಮೇಲೆ ಬರೆಯುತ್ತೇವೆಂದು ಹೊರಡುವವರು ಒಂದು ಅಂಶವನ್ನು ಮರೆಯುತ್ತಾರೆ. ಆ ಹಲಗೆಯ ಮೇಲೆ ಸಾವಿರ ವರ್ಷದ ಬರಹವಿದೆ. ಔಷಧ ಪಡೆದ ಕೂಡಲೇ ಹಳ್ಳಿಯ ರೋಗಿ ಕೇಳುವ ಮೊದಲ ಪ್ರಶ್ನೆ 'ಪಥ್ಯ ಏನು?' ಎಂಬುದು. ಬಹುಮಟ್ಟಿಗೆ ಅವನಿಗೆ ದೊರೆಯುವ ಉತ್ತರ, 'ಪಥ್ಯವೇನೂ ಇಲ್ಲ, ಏನು ಬೇಕಾದರೂ ತಿನ್ನಿ' ಎಂಬುದು. ಇದೊಂದು ಕಳೆದುಕೊಂಡ ಅವಕಾಶವೆಂದು ನಮ್ಮ ಅಭಿಪ್ರಾಯ. ಪಥ್ಯವೆಂದರೆ ರೋಗಿ ತಾನಾಗಿ ನಡೆಸಬೇಕಾದ ಚಿಕಿತ್ಸಾಭಾಗ. ದಾರಿಗೆ ತಕ್ಕುದು ಎಂಬುದು ಅದರ ಶಬ್ದಾರ್ಥ. ಆ ಪ್ರಶ್ನೆ ಕೇಳುವಾಗ ರೋಗಿ ತನ್ನ ಪಾಲಿನ ಕೆಲಸವೇನೆಂದು ಕೇಳುತ್ತಿದ್ದಾನೆ. ಅದಕ್ಕೆ ಉತ್ತರವಾಗಿ, 'ಪಥ್ಯವುಂಟು. ಆರು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ನುಂಗುವುದೇ ಪಥ್ಯ. ಕುಡಿತ ಬಿಡುವುದು ಪಥ್ಯ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯುವುದು ಪಥ್ಯ' ಎಂದರೆ ಅದಕ್ಕಿಂತ ಪರಿಣಾಮಕಾರಿಯಾದ ಪಾಠ ಬೇರೆ ಬೇಕಾಗದು. ಜನರ ಬಳಿ ಇರುವ ಮಾತನ್ನು ಹಿಡಿದು ಅದರೊಳಗೆ ಹೊಸ ಅರ್ಥವನ್ನು ತುಂಬುವ ಈ ಕ್ರಮವನ್ನೇ ವಚನಕಾರರೂ ದಾಸರೂ ಅನುಸರಿಸಿದರಲ್ಲವೆ?

ವೇಳೆಯ ಪ್ರಶ್ನೆಗೆ ಉತ್ತರ ಇಷ್ಟು. ತಿಳಿಸುವ ಕೆಲಸವೆಲ್ಲ ವೈದ್ಯರೊಬ್ಬರದೇ ಆಗಬೇಕಾಗಿಲ್ಲ. ದಾದಿ, ಔಷಧ ಕೊಡುವವರು, ಆಶಾ ಕಾರ್ಯಕರ್ತೆಯರು ಇದ್ದಾರೆ. 'ಅರ್ಥವಾಯಿತೆ?' ಎಂದು ಕೇಳಿದರೆ ಯಾರೂ 'ಇಲ್ಲ' ಎನ್ನುವುದಿಲ್ಲ. ದೊಡ್ಡ ಮನುಷ್ಯರ ಎದುರು ಹಾಗೆನ್ನುವುದು ನಮ್ಮವರ ಮರ್ಯಾದೆಗೆ ಹೊಂದದು. ಅದಕ್ಕೆ ಬದಲಾಗಿ 'ಮನೆಗೆ ಹೋಗಿ ಸೊಸೆಗೆ ಏನು ಹೇಳ್ತೀಯಮ್ಮ, ನನಗೊಂದು ಸಲ ಹೇಳು' ಎಂದು ರೋಗಿಯಿಂದಲೇ ಹೇಳಿಸುವ ಪದ್ಧತಿಯನ್ನು ಈಗ ಅನೇಕ ದೇಶಗಳ ಆರೋಗ್ಯಶಿಕ್ಷಕರು ಶಿಫಾರಸು ಮಾಡುತ್ತಾರೆ. ನಮ್ಮ ಕೂಲಿಮಠದ ಅಯ್ಯಗಳು ಪಾಠ ಒಪ್ಪಿಸಿಕೊಳ್ಳುತ್ತಿದ್ದುದೂ ಇದೇ ಬಗೆಯದು. ವ್ಯತ್ಯಾಸವೆಂದರೆ, ಇಲ್ಲಿ ತಪ್ಪಿದರೆ ದಂಡನೆ ಪಾಠ ಹೇಳಿದವರಿಗೆ.

೬

ಇಷ್ಟು ಚರ್ಚೆಯಿಂದ ಹೊರಡುವ ಸೂಚನೆಗಳು ಕೆಲವೇ. ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಮೂರು ಸಾಲುಗಳಿಗೆ ಸ್ಥಳವಿರಲಿ: ಈ ಔಷಧ ಯಾವುದಕ್ಕೆ, ಎಷ್ಟು ದಿನ, ಏನಾದರೆ ಕೂಡಲೇ ಬರಬೇಕು. ದೇವನಹಳ್ಳಿ ಹೊಸಕೋಟೆಗಳ ಕಡೆ ತೆಲುಗು, ತಮಿಳು, ಉರ್ದುಗಳನ್ನು ಮನೆಮಾತಾಗಿ ಆಡುವವರೂ ಬಹುಮಂದಿ ಇದ್ದಾರೆಂಬುದನ್ನು ಮರೆಯದೆ, ಬರಹದೊಡನೆ ಚಿತ್ರವೂ ಮಾತೂ ಇರಲಿ. ಕರಪತ್ರವೊಂದನ್ನು ಅಚ್ಚುಹಾಕಿಸುವ ಮೊದಲು ಐದಾರು ರೋಗಿಗಳಿಗೆ ಓದಿ ಹೇಳಿ, ಅವರು ತಿರುಗಿ ಹೇಳಿದುದನ್ನು ಬರೆದುಕೊಂಡು, ಎಲ್ಲಿ ಅರ್ಥ ಕೆಟ್ಟಿತೋ ಅಲ್ಲಿ ತಿದ್ದಲಿ. ಈ ಕೆಲಸದಲ್ಲಿ ಕನ್ನಡ ವಿಭಾಗಗಳು ಪಾಲುಗೊಳ್ಳಬೇಕು. ಪಾಠಾಂತರಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವ ವಿದ್ಯೆ ನಮಗಿದೆ. ಪಂಪನ ಒಂದು ಪದ್ಯಕ್ಕೆ ವ್ಯಯಮಾಡುವ ಶ್ರಮದಲ್ಲಿ ಹತ್ತರಲ್ಲೊಂದು ಪಾಲನ್ನು ಒಂದು ಮಾತ್ರೆಯ ಸೂಚನೆಗೆ ಮೀಸಲಿಟ್ಟರೆ ಪಂಪನಿಗೆ ಅಗೌರವವಾಗಲಾರದು. ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ಊರಿನ ಆರೋಗ್ಯಕೇಂದ್ರದಲ್ಲಿ ಜನ ರೋಗಗಳಿಗೆ ಬಳಸುವ ಮಾತುಗಳನ್ನು ಸಂಗ್ರಹಿಸುವುದು ಒಳ್ಳೆಯ ಸಂಶೋಧನೆಯೂ ಆದೀತು, ವೈದ್ಯರಿಗೆ ಉಪಕಾರವೂ ಆದೀತು.

ಕಾವ್ಯಕ್ಕೆ ಸಹೃದಯನೇ ಒರೆಗಲ್ಲೆಂದು ನಮ್ಮ ಪ್ರಾಚೀನರು ಹೇಳಿದರು. ಕವಿ ಎಷ್ಟೇ ಪಂಡಿತನಾಗಿರಲಿ, ಕೇಳುವವನ ಹೃದಯದಲ್ಲಿ ಅರ್ಥ ಹುಟ್ಟದಿದ್ದರೆ ಕಾವ್ಯ ಹುಟ್ಟಲಿಲ್ಲ. ವೈದ್ಯದ ಮಾತಿಗೂ ಇದೇ ಒರೆಗಲ್ಲು ಸಲ್ಲುತ್ತದೆ. ದೊಡ್ಡಬಳ್ಳಾಪುರದ ನಿಲ್ದಾಣದಲ್ಲಿ ಆ ಮುದುಕಿ ಕಾಗದವನ್ನು ನಮ್ಮ ಮುಂದೆ ಚಾಚಿದಾಗ ಆಕೆ ಕೇಳಿದ್ದು ಅಕ್ಷರದ ನೆರವನ್ನಷ್ಟೇ ಎಂದು ನಾವು ಭಾವಿಸಿದ್ದೆವು. ಆಕೆ ಕೇಳಿದ ನಾಲ್ಕು ಪ್ರಶ್ನೆಗಳನ್ನು ಈಗ ನೆನೆದರೆ, ನಟ್‌ಬೀಮನ ಮೂರು ಮೆಟ್ಟಿಲುಗಳನ್ನೂ ಆಕೆ ಆಗಲೇ ಹತ್ತಿದ್ದಳೆಂದು ತೋರುತ್ತದೆ. ಕೆಳಗೆ ನಿಂತಿದ್ದುದು ಚೀಟಿ. ಅದರೊಡನೆ ನಾವೂ ಕೂಡ.